ಪುರುಷರಲ್ಲಿ ಯೀಸ್ಟ್ ಸೋಂಕು: ಮುಲಾಮಿಗಿಂತ ಮೊದಲು ಸಕ್ಕರೆ ಪರೀಕ್ಷೆ

ಮಲ್ಲಂದೂರು (ಚಿಕ್ಕಮಗಳೂರು): ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಲಂದೂರು, ಮೂಡಿಗೆರೆ, ಕಳಸ ಸೀಮೆಯಲ್ಲಿ ಬಟ್ಟೆ ಒಣಗಿಸುವುದೇ ಒಂದು ಕೆಲಸ. ಕಾಫಿ ತೋಟಗಳಲ್ಲಿ ಕಳೆ, ಚಿಗುರು ತೆಗೆಯುವ ಕೆಲಸ ಮಳೆಯ ನಡುವೆಯೇ ಸಾಗುತ್ತದೆ. ಮೈಮೇಲೆ ಪ್ಲಾಸ್ಟಿಕ್ ಹೊದಿಕೆ, ಕಾಲಿಗೆ ಗಮ್‌ಬೂಟು, ಒಳಗೆ ಬೆವರು. ನಗರಗಳಲ್ಲಿ ಮಳೆಯ ಬದಲು ಬಿಗಿಯಾದ ಜೀನ್ಸ್ ಹಾಗೂ ದಿನವಿಡೀ ಕುಳಿತು ಮಾಡುವ ಕೆಲಸ ಇದೇ ಸ್ಥಿತಿಯನ್ನು ತರುತ್ತವೆ. ತೇವ, ಬಿಸಿ ಮತ್ತು ಗಾಳಿಯಾಡದ ಚರ್ಮ ಒಟ್ಟಾದಲ್ಲಿ ಶಿಲೀಂಧ್ರಗಳು ಬೆಳೆಯುತ್ತವೆ.

ಯೀಸ್ಟ್ ಸೋಂಕು ಮಹಿಳೆಯರಿಗೆ ಮಾತ್ರ ಬರುವ ತೊಂದರೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಪುರುಷರಿಗೂ ಇದು ಬರುತ್ತದೆ. ಸಂಕೋಚದಿಂದ ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ. ಔಷಧ ಅಂಗಡಿಯಲ್ಲಿ ಪಿಸುಮಾತಿನಲ್ಲಿ ಒಂದು ಟ್ಯೂಬ್ ಕೇಳಿ ಪಡೆದರೆ ಕಾಯಿಲೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಪದೇ ಪದೇ ಮರುಕಳಿಸುವ ಈ ತುರಿಕೆ, ಅದುವರೆಗೆ ಪತ್ತೆಯಾಗದ ಮಧುಮೇಹದ ಮೊದಲ ಸೂಚನೆಯಾಗಿರಬಹುದು.

ಏನಿದು ಯೀಸ್ಟ್?

ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ. ಬೇಕರಿಯಲ್ಲಿ ಹಿಟ್ಟು ಉಬ್ಬಿಸುವ ಯೀಸ್ಟ್ ಬೇರೆ. ರೋಗಕ್ಕೆ ಕಾರಣವಾಗುವ ಕ್ಯಾಂಡಿಡಾ ಅದರ ದೂರದ ಬಂಧು. ಈ ಗುಂಪಿನಲ್ಲಿ ಪ್ರಮುಖವಾದುದು ಕ್ಯಾಂಡಿಡಾ ಆಲ್ಬಿಕನ್ಸ್. ಆರೋಗ್ಯವಂತರ ಬಾಯಿ, ಕರುಳು ಹಾಗೂ ಚರ್ಮದ ಮಡಿಕೆಗಳಲ್ಲೂ ಇದು ನೆಲೆಸಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಮತ್ತು ನೆರೆಯ ಬ್ಯಾಕ್ಟೀರಿಯಾಗಳು ಇದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಮಧುಮೇಹ, ಸ್ಥೂಲಕಾಯ, ಆ್ಯಂಟಿಬಯಾಟಿಕ್ ಹಾಗೂ ಸ್ಟೀರಾಯ್ಡ್ ಔಷಧಗಳ ಸೇವನೆ, ಎಚ್‌ಐವಿಯಂತಹ ಸೋಂಕಿನಿಂದ ಕುಗ್ಗಿದ ರೋಗನಿರೋಧಕ ಶಕ್ತಿ ಈ ಸಮತೋಲವನ್ನು ಕೆಡಿಸುತ್ತವೆ.

ಲಕ್ಷಣಗಳು

ಪುರುಷರಲ್ಲಿ ಸೋಂಕು ಸಾಮಾನ್ಯವಾಗಿ ಶಿಶ್ನದ ತುದಿ ಮತ್ತು ಮುಂದೊಗಲಿನ ಒಳಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮ ಕೆಂಪಾಗಿ ಹೊಳೆಯುತ್ತದೆ. ತುರಿಕೆ, ಉರಿ ಇರುತ್ತದೆ. ಸಣ್ಣ ಕೆಂಪು ಚುಕ್ಕೆಗಳು ಏಳಬಹುದು. ಮುಂದೊಗಲಿನ ಅಡಿಯಲ್ಲಿ ಮೊಸರಿನ ಗಷ್ಟಿನಂತಹ ಬಿಳಿ ಪದಾರ್ಥ ಸಂಗ್ರಹವಾಗಬಹುದು. ಸಂಭೋಗ ಹಾಗೂ ಮೂತ್ರವಿಸರ್ಜನೆಯ ವೇಳೆ ನೋವು ಉಂಟಾಗಬಹುದು. ಸೋಂಕು ದೀರ್ಘಕಾಲ ಉಳಿದರೆ ಮುಂದೊಗಲಿನ ಅಂಚು ಸೀಳಿ, ಗಡುಸಾಗಿ, ಹಿಂದಕ್ಕೆ ಸರಿಯದಂತಾಗುತ್ತದೆ. ಮುಂದೊಗಲು ಇರುವವರಲ್ಲಿ ಈ ಸೋಂಕು ಹೆಚ್ಚು.

ಯೀಸ್ಟ್ ತೊಡೆಸಂದಿಗೂ ಹರಡಬಲ್ಲದು. ಸದಾ ನೀರಿನಲ್ಲಿ ಕೈಯಾಡಿಸುವವರ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಸುಲಿಯುವುದಕ್ಕೂ, ಉಗುರಿನ ಬುಡ ಊದಿಕೊಳ್ಳುವುದಕ್ಕೂ ಇದು ಕಾರಣವಾಗುತ್ತದೆ.

ಗಜಕರ್ಣವೇ, ಯೀಸ್ಟೇ?

ಮಳೆಗಾಲದ ತೊಡೆಸಂದಿಯ ತುರಿಕೆಯೆಲ್ಲ ಯೀಸ್ಟ್ ಅಲ್ಲ. ಗಜಕರ್ಣ ಅಥವಾ ಹುಳುಕಡ್ಡಿ ಎಂದು ಕರೆಯುವ ಕಾಯಿಲೆಗೆ ಕಾರಣ ಡರ್ಮಟೊಫೈಟ್ ಎಂಬ ಬೇರೆಯೇ ಶಿಲೀಂಧ್ರ ವರ್ಗ. ಅದರ ಅಂಚು ಉಂಗುರದಂತೆ ಉಬ್ಬಿ ಹೊರಕ್ಕೆ ಹರಡುತ್ತದೆ, ನಡುಭಾಗ ತಿಳಿಯಾಗುತ್ತದೆ, ವೃಷಣದ ಚರ್ಮವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಯೀಸ್ಟ್ ಸೋಂಕಿನಲ್ಲಾದರೋ ಮಡಿಕೆಯ ಚರ್ಮ ಹಸಿಹಸಿಯಾಗಿ ಕೆಂಪೇರುತ್ತದೆ, ಸುತ್ತಲೂ ಚಿಕ್ಕ ಚುಕ್ಕೆಗಳು ಚದುರಿರುತ್ತವೆ, ವೃಷಣಕ್ಕೂ ಹಬ್ಬಬಹುದು.

ಈ ವ್ಯತ್ಯಾಸ ಮುಖ್ಯ. ಭಾರತದಲ್ಲಿ ವ್ಯಾಪಕವಾಗಿರುವ, 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಸಲಾದ ಡರ್ಮಟೊಫೈಟ್, ಟರ್ಬಿನಾಫಿನ್ ಎಂಬ ಪ್ರಚಲಿತ ಔಷಧಕ್ಕೆ ಅನೇಕ ವೇಳೆ ಬಗ್ಗುವುದಿಲ್ಲ. ಚರ್ಮವನ್ನು ತುಸು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಇದು ನೋವಿಲ್ಲದ, ಸರಳ ಪರೀಕ್ಷೆ.

ಸಕ್ಕರೆಯ ಸುಳಿವು

ರಕ್ತದಲ್ಲಿ ಸಕ್ಕರೆ ಮಿತಿ ಮೀರಿದಾಗ ಅದು ಮೂತ್ರದ ಮೂಲಕವೂ ಹೊರಬರುತ್ತದೆ. ಮುಂದೊಗಲಿನ ಅಡಿಯಲ್ಲಿ ಉಳಿದ ಸಕ್ಕರೆಯುಕ್ತ ಹನಿ ಯೀಸ್ಟಿಗೆ ಆಹಾರವಾಗುತ್ತದೆ. ಜೊತೆಗೆ ಮಧುಮೇಹವು ಬಿಳಿ ರಕ್ತಕಣಗಳ ಕಾರ್ಯವನ್ನೂ ಕುಗ್ಗಿಸುತ್ತದೆ. ಆದ್ದರಿಂದಲೇ ಈ ಸೋಂಕು ಕಂಡುಬಂದ ವಯಸ್ಕ ಪುರುಷರಿಗೆ, ಅದರಲ್ಲೂ ಮರುಕಳಿಸುತ್ತಿದ್ದರೆ, ವೈದ್ಯರು ಸಕ್ಕರೆ ಪರೀಕ್ಷೆ ಸೂಚಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು ಇದ್ದರೆ ಅದು ಮಧುಮೇಹದ ಮಟ್ಟ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಈಗಾಗಲೇ ಮಧುಮೇಹಕ್ಕೆ ಚಿಕಿತ್ಸೆ ಪಡೆಯುತ್ತಿರುವವರೂ ಎಚ್ಚರ ವಹಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆ ಹೊರಹಾಕಿಯೇ ಕೆಲಸ ಮಾಡುತ್ತವೆ. ಜನನಾಂಗದ ಯೀಸ್ಟ್ ಸೋಂಕು ಇವುಗಳ ತಿಳಿದ ಅಡ್ಡಪರಿಣಾಮ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿದ ಬಳಿಕ ಅಗ್ಗದ ಮಾತ್ರೆಗಳು ದೇಶದಲ್ಲಿ ಸುಲಭವಾಗಿ ದೊರೆಯುತ್ತಿವೆ. ಹೃದಯ ಮತ್ತು ಮೂತ್ರಪಿಂಡಗಳನ್ನು ಕಾಪಾಡುವ ಔಷಧಗಳಿವು. ತುರಿಕೆ ಬಂತೆಂದು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಸೂಕ್ತ. ಆದರೆ ಜನನಾಂಗ ಅಥವಾ ಗುದದ ಸುತ್ತ ತೀವ್ರ ನೋವು, ಊತ, ಜ್ವರ ಒಟ್ಟಿಗೆ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. ಅಂಗಾಂಶ ಕೊಳೆಯುವ ಅಪರೂಪದ ಮಾರಕ ಸೋಂಕಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ನೀಡಿದೆ.

ಅಂಗಡಿಯ ಮುಲಾಮು

ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮತ್ತು ಕ್ಲೊಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳಿಂದ ಎರಡು ದಿನಗಳಲ್ಲಿ ತುರಿಕೆ ಅಡಗುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಪ್ರತಿರೋಧವನ್ನೇ ಕುಗ್ಗಿಸುತ್ತದೆ. ನಿಲ್ಲಿಸಿದೊಡನೆ ಸೋಂಕು ಇನ್ನಷ್ಟು ಹರಡುತ್ತದೆ. ರೋಗದ ಚಹರೆ ಬದಲಾಗಿ ವೈದ್ಯರಿಗೂ ಗುರುತು ಸಿಗುವುದಿಲ್ಲ. ತೊಡೆಸಂದಿಯ ಚರ್ಮ ತೆಳುವಾಗಿ, ಮಾಸದ ಬಿರುಕುಗೆರೆಗಳು ಮೂಡುತ್ತವೆ. ಚರ್ಮರೋಗ ತಜ್ಞರ ಒತ್ತಾಯದ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಇಂತಹ ಸ್ಟೀರಾಯ್ಡ್ ಲೇಪನಗಳನ್ನು ‘ಎಚ್’ ಅನುಸೂಚಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ.

ಚಿಕಿತ್ಸೆ

ಸಾಮಾನ್ಯ ಯೀಸ್ಟ್ ಸೋಂಕಿಗೆ ಸ್ಟೀರಾಯ್ಡ್ ಇಲ್ಲದ, ಶೇ 1ರ ಕ್ಲೊಟ್ರಿಮಜೋಲ್ ಅಥವಾ ಶೇ 2ರ ಮೈಕೊನಜೋಲ್ ಮುಲಾಮನ್ನು ದಿನಕ್ಕೆರಡು ಬಾರಿ ಒಂದರಿಂದ ಎರಡು ವಾರ ಹಚ್ಚಿದರೆ ಸಾಕಾಗುತ್ತದೆ. ಸೋಂಕು ತೀವ್ರವಾಗಿದ್ದರೆ ವೈದ್ಯರು 150 ಮಿಲಿಗ್ರಾಂ ಫ್ಲುಕೊನಜೋಲ್ ಮಾತ್ರೆ ಕೊಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಮಧುಮೇಹದ ಗ್ಲಿಮೆಪಿರೈಡ್ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು; ಫ್ಲುಕೊನಜೋಲ್ ಅವುಗಳ ಪರಿಣಾಮವನ್ನು ಹೆಚ್ಚಿಸುತ್ತದೆ. ಕೆಲವು ಮುಲಾಮುಗಳು ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತವೆ ಎಂಬುದೂ ನೆನಪಿರಲಿ.

ಕಳಂಕವಲ್ಲ

ಇದನ್ನು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲ. ಲೈಂಗಿಕ ಸಂಪರ್ಕವಿಲ್ಲದವರಿಗೂ ಇದು ಬರುತ್ತದೆ. ಪತಿಗೆ ಸೋಂಕು ಬಂದುದು ಪತ್ನಿಯ ಮೇಲೆ, ಪತ್ನಿಗೆ ಬಂದುದು ಪತಿಯ ಮೇಲೆ ಅನುಮಾನಪಡಲು ಆಧಾರವಾಗದು. ಸಂಗಾತಿಗೆ ಲಕ್ಷಣಗಳಿದ್ದರೆ ಮಾತ್ರ ಆಕೆಗೂ ಚಿಕಿತ್ಸೆ ಬೇಕಾಗುತ್ತದೆ. ಆದರೆ ನೋವಿಲ್ಲದ ಹುಣ್ಣು, ನೀರುಗುಳ್ಳೆ, ಮೂತ್ರನಾಳದಿಂದ ಕೀವು, ಎರಡು ವಾರವಾದರೂ ಮಾಯದ ಗಾಯ ಇದ್ದಲ್ಲಿ ಬೇರೆ ಕಾಯಿಲೆಯ ಸಾಧ್ಯತೆಯಿದ್ದು, ಪರೀಕ್ಷೆ ಅಗತ್ಯ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಗೋಪ್ಯತೆ ಕಾಯ್ದುಕೊಂಡು ಇಂತಹ ತಪಾಸಣೆ ನಡೆಸಲಾಗುತ್ತದೆ.

ತಡೆಗಟ್ಟುವ ಕ್ರಮ

* ಮುಂದೊಗಲನ್ನು ಸರಿಸಿ ಪ್ರತಿದಿನ ಬರೀ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿದ ಬಳಿಕ ಮುಚ್ಚಬೇಕು. ಸೋಪು, ಡೆಟಾಲ್ ಬಳಸಿದರೆ ಉರಿ ಹೆಚ್ಚುತ್ತದೆ.
* ಸಡಿಲವಾದ ಹತ್ತಿಯ ಒಳಉಡುಪು ಧರಿಸಬೇಕು. ಕೆಲಸದಿಂದ ಬಂದೊಡನೆ ಒದ್ದೆ ಬಟ್ಟೆ ಬದಲಿಸಬೇಕು.
* ಬಿಸಿಲಿಲ್ಲದ ದಿನಗಳಲ್ಲಿ ಒಳಉಡುಪನ್ನು ಒಲೆಯ ಶಾಖದಲ್ಲಿ ಒಣಗಿಸಬಹುದು ಅಥವಾ ಇಸ್ತ್ರಿ ಮಾಡಬಹುದು. ಅರೆ ಒಣಗಿದ್ದನ್ನು ತೊಡಬಾರದು.
* ಟವೆಲ್, ಒಳಉಡುಪು ಹಂಚಿಕೊಳ್ಳಬಾರದು. ಒಂದೇ ಕೋಣೆಯಲ್ಲಿ ಹಲವರು ವಾಸಿಸುವ ತೋಟದ ಲೈನ್ ಮನೆಗಳಲ್ಲೂ ನಗರದ ಪಿ.ಜಿ.ಗಳಲ್ಲೂ ಗಜಕರ್ಣ ಹರಡುವುದು ಹೀಗೆಯೇ.
* ವರ್ಷದಲ್ಲಿ ಎರಡನೆಯ ಬಾರಿ ಸೋಂಕು ಬಂದರೆ ಸಕ್ಕರೆ ಪರೀಕ್ಷೆಯನ್ನು ಮುಂದೂಡಬಾರದು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.