ಮೂಲೆ ಸೇರಿದ ಹಾರ್ನ್

ಹಾರ್ನ್ ಸ್ಪೀಕರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಜಾತ್ರೆಯಲ್ಲಿ ಕಂಬಕ್ಕೆ ಕಟ್ಟಿದ ಬೂದುಬಣ್ಣದ ಕಹಳೆ. ಅದರಲ್ಲಿ ಹಾಕಿದ ಹಾಡು ಪಕ್ಕದೂರಿಗೂ ಕೇಳುತ್ತೆ, ಆದರೆ ತಬಲಾದ ಡಗ್ಗಾ ಮಾತ್ರ ಕಂಬದ ಕೆಳಗೇ ನಿಂತರೂ ಕೇಳಿಸಲ್ಲ. ಹಾಗಾಗಿ "ಹಾರ್ನ್‌ನಲ್ಲಿ ಬೇಸ್ ಬರಲ್ಲ" ಅನ್ನೋ ನಂಬಿಕೆ ಗಟ್ಟಿಯಾಗಿ ಕೂತಿದೆ. ಹಳೆಯ ಆಡಿಯೋ ಉಪಕರಣಗಳ ಚರಿತ್ರೆ ಓದೋದು ನನಗೊಂದು ಹುಚ್ಚು. ಓದಿದಷ್ಟೂ ಅನ್ನಿಸಿದ್ದು, ಹಾರ್ನ್‌ನಲ್ಲಿ ಬೇಸ್ ಧಾರಾಳವಾಗಿ ಬರುತ್ತೆ, ಅದು ಕೇಳುವಷ್ಟು ಜಾಗ ಕೊಡಬೇಕು ಅಷ್ಟೇ. ಆ ಜಾಗವನ್ನು ಎಲ್ಲಿಂದ ತರೋದು ಅಂತ ಇಪ್ಪತ್ತು ವರ್ಷ ಒದ್ದಾಡಿದವರ ಕಥೆ ಇದು.

ಮೊದಲು ಹಾರ್ನ್ ಮಾಡುವ ಕೆಲಸ ಏನು ನೋಡೋಣ. ಸ್ಪೀಕರಿನ ಕೋನ್ ಭಾರ, ಎದುರಿಗಿರೋ ಗಾಳಿ ತೀರಾ ಹಗುರ. ಕೋನ್ ತಳ್ಳಿದರೆ ಗಾಳಿ ಹಿಡಿತಕ್ಕೆ ಸಿಗದೆ ಪಕ್ಕಕ್ಕೆ ಜಾರಿಬಿಡುತ್ತೆ. ಮುಂದೆ ಸಣ್ಣ ಗಂಟಲಿನಿಂದ ಶುರುವಾಗಿ ಹಂತಹಂತವಾಗಿ ಅಗಲವಾಗುವ ಕೊಳವೆ ಇಟ್ಟರೆ ಜಾರೋಕೆ ದಾರಿ ಇರಲ್ಲ, ಕೊಟ್ಟ ಶಕ್ತಿಯಲ್ಲಿ ಮೊದಲಿಗಿಂತ ಹೆಚ್ಚು ಪಾಲು ಸದ್ದಾಗುತ್ತೆ. 1926ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ವೈಟಾಫೋನ್ ಬಂದಾಗ, ವೆಸ್ಟರ್ನ್ ಎಲೆಕ್ಟ್ರಿಕ್‌ನ 555 ಅನ್ನೋ ಡ್ರೈವರ್ ಕೆಲವೇ ವಾಟ್‌ಗಳಲ್ಲಿ ಇಡೀ ಥಿಯೇಟರ್ ತುಂಬುತ್ತಿದ್ದುದು ಇದೇ ಉಪಾಯದಿಂದ.

ತೊಂದರೆ ಬರೋದು ಬೇಸ್‌ನಲ್ಲಿ. ನಾನೇ ಒಂದು ಲೆಕ್ಕ ಹಾಕಿ ನೋಡಿದೆ. 40 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 28 ಅಡಿ. ಹಾರ್ನಿನ ಬಾಯಿಯ ಸುತ್ತಳತೆ ಅಷ್ಟಾದರೂ ಇರಬೇಕು ಅನ್ನೋದು ಹಳೆಯ ಸೂತ್ರ. ಅಂದರೆ 9 ಅಡಿ ಅಗಲದ ಬಾಯಿ, 63 ಚದರ ಅಡಿ ವಿಸ್ತೀರ್ಣ! ಕೊಳವೆ ಅಗಲವಾಗೋದೂ ನಿಧಾನವಾಗಿರಬೇಕು, ಒಂದೂವರೆ ಅಡಿಗೊಮ್ಮೆ ವಿಸ್ತೀರ್ಣ ಇಮ್ಮಡಿ ಆಗಬೇಕು, ಅದಕ್ಕಿಂತ ಬೇಗ ಅಲ್ಲ. ಅರ್ಧ ಚದರ ಅಡಿಯ ಗಂಟಲಿನಿಂದ ಶುರು ಮಾಡಿದರೆ ಉದ್ದ ಹತ್ತು ಅಡಿ ದಾಟುತ್ತೆ. ಜಾತ್ರೆಯ ಕಹಳೆಗೆ ಡಗ್ಗಾ ಯಾಕೆ ದಕ್ಕಲ್ಲ ಅಂತ ಈಗ ಗೊತ್ತಾಯ್ತಲ್ಲ?

ಥಿಯೇಟರಿನಲ್ಲಿ ಪರದೆಯ ಹಿಂದೆ ಜಾಗ ಇತ್ತು, ಉದ್ದದ ಕೊಳವೆಯನ್ನ ಸುರುಳಿ ಸುತ್ತಿ ಇಟ್ಟರು. ಆಗ ಬೇರೆ ಪೇಚಾಟ. ಬೇಸ್‌ಗೆ ಉದ್ದ ಕೊಳವೆ, ಮೇಲಿನ ಸ್ವರಗಳಿಗೆ ಗಿಡ್ಡ ಕೊಳವೆ. ಹತ್ತು ಅಡಿ ಹೆಚ್ಚು ನಡೆದು ಬರುವ ಸದ್ದು ಸುಮಾರು 9 ಮಿಲಿಸೆಕೆಂಡ್ ತಡವಾಗಿ ತಲುಪುತ್ತೆ. ಎಂಜಿಎಂ ಸ್ಟುಡಿಯೋದಲ್ಲಿ ಎಲಿನರ್ ಪವೆಲ್‌ಳ ಟ್ಯಾಪ್ ಡ್ಯಾನ್ಸ್ ಹಾಕಿದಾಗ ಒಂದೊಂದು ಹೆಜ್ಜೆಯೂ ಎರಡೆರಡು ಸಲ ಕೇಳಿಸಿತಂತೆ. ಡಗ್ಲಸ್ ಶಿಯರರ್, ಜಾನ್ ಹಿಲಿಯರ್ಡ್ ಮತ್ತಿತರರು ಬೇಸ್ ಹಾರ್ನನ್ನ ಗಿಡ್ಡ ಮಾಡಿ ಮಡಿಚಿ, ಎರಡೂ ಸದ್ದು ಒಟ್ಟಿಗೆ ಬರುವಂತೆ ಮಾಡಿದರು. ಈ 'ಶಿಯರರ್ ಹಾರ್ನ್'ಗೆ 1936ರ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿಯೂ ಬಂತು.

ಥಿಯೇಟರಿನದು ಆಯ್ತು, ಮನೆಗೆ ಏನು ಮಾಡೋದು?

ಇಂಗ್ಲೆಂಡಿನಲ್ಲಿ ಪಾಲ್ ವೋಯ್ಟ್ 1930ರ ದಶಕದಲ್ಲೇ ಮನೆಯ ಮೂಲೆಯಲ್ಲಿ ಕೂರುವ ಹಾರ್ನ್ ಮಾಡಿದ್ದ. ಆ ಯೋಚನೆಯನ್ನ ಕೊನೆಯವರೆಗೂ ಎಳೆದವನು ಅಮೆರಿಕದ ಪಾಲ್ ಕ್ಲಿಪ್ಶ್ (1904–2002). ಅವನ ತರ್ಕ ಸರಳ. ಬಯಲಲ್ಲಿ ತೂಗುಬಿಟ್ಟ ಸ್ಪೀಕರಿನ ಸದ್ದು ಎಲ್ಲಾ ದಿಕ್ಕಿಗೂ ಹೋಗುತ್ತೆ. ನೆಲದ ಮೇಲಿಟ್ಟರೆ ಅರ್ಧ, ಗೋಡೆಗೂ ಒರಗಿಸಿದರೆ ಕಾಲು, ಮೂಲೆಗೆ ಸೇರಿಸಿದರೆ ಎಂಟನೇ ಒಂದು ಭಾಗ. ಹಾಗಾದರೆ ಬಾಯಿಯೂ ಎಂಟನೇ ಒಂದು ಭಾಗ ಸಾಕು! ನನ್ನ ಲೆಕ್ಕದ 63 ಚದರ ಅಡಿ 8ಕ್ಕೆ ಇಳಿಯುತ್ತೆ, ಹತ್ತು ಅಡಿ ದಾಟಿದ್ದ ಉದ್ದ ಆರಕ್ಕೆ ಬರುತ್ತೆ. 1941ರಲ್ಲಿ ಇದನ್ನ ಪ್ರಬಂಧವಾಗಿ ಪ್ರಕಟಿಸಿದ, 1943ರಲ್ಲಿ ಪೇಟೆಂಟ್ ಸಿಕ್ಕಿತು. ಯುದ್ಧಕಾಲದಲ್ಲಿ ಸೈನ್ಯದ ಕೆಲಸದ ಮೇಲೆ ಅರ್ಕಾನ್ಸಾಸ್‌ನ ಹೋಪ್ ಅನ್ನೋ ಊರಿಗೆ ಬಂದಿದ್ದವನು, 1946ರಲ್ಲಿ ಅಲ್ಲೇ ಕಂಪನಿ ಶುರು ಮಾಡಿದ.

ಅವನ ಕ್ಲಿಪ್ಶ್‌ಹಾರ್ನ್ ಪೆಟ್ಟಿಗೆಯ ಒಳಗೆ ಇಣುಕಿದರೆ ಖುಷಿಯಾಗುತ್ತೆ. 15 ಇಂಚಿನ ಸ್ಪೀಕರ್ ಒಳಗಿನ ಒಂದು ಮುಚ್ಚಿದ ಕೋಣೆಯಲ್ಲಿದೆ, ಹೊರಗಿನಿಂದ ಕಾಣಲ್ಲ. ಸದ್ದು ಕಿರಿದಾದ ಸೀಳಿನಿಂದ ಹೊರಟು ಮೇಲಕ್ಕೊಂದು ಕೆಳಕ್ಕೊಂದು ಕವಲಾಗಿ, ಹಿಂದಕ್ಕೆ ತಿರುಗಿ ಮೂಲೆ ತಲುಪಿ, ಎರಡೂ ಪಕ್ಕದ ಗೋಡೆಗುಂಟ ಆಚೆ ಬರುತ್ತೆ. ಕೊನೆಯ ಹಾದಿಗೆ ಮರದ ಹಲಗೆ ಇಲ್ಲ, ಮನೆಯ ಗೋಡೆಯೇ ಹಾರ್ನಿನ ಒಂದು ಬದಿ. ಇಷ್ಟು ತಿರುವುಗಳಲ್ಲಿ ಸಣ್ಣ ಅಲೆಗಳು ಕಳೆದುಹೋಗುತ್ತವೆ, ಉದ್ದದ ಅಲೆಗಳು ಆರಾಮಾಗಿ ಬಾಗುತ್ತವೆ. ಅದಕ್ಕೇ ಸುಮಾರು 400 ಹರ್ಟ್ಸ್‌ಗಿಂತ ಮೇಲಿನದಕ್ಕೆ ಬೇರೆ ಹಾರ್ನ್‌ಗಳು. ಆ ಮುಚ್ಚಿದ ಕೋಣೆಗೂ ಒಂದು ಕೆಲಸವಿದೆ. ತೀರಾ ಕೆಳಗಿನ ಸ್ವರದಲ್ಲಿ ಹಾರ್ನಿನ ಗಾಳಿ ಭಾರದ ಹಾಗೆ ವರ್ತಿಸುತ್ತೆ, ಕೋಣೆಯ ಗಾಳಿ ಸ್ಪ್ರಿಂಗಿನ ಹಾಗೆ. ಅಳತೆ ಸರಿಯಾಗಿದ್ದರೆ ಒಂದನ್ನೊಂದು ಸರಿದೂಗಿಸಿ ಬೇಸ್ ಇನ್ನಷ್ಟು ಕೆಳಗಿಳಿಯುತ್ತೆ.

ಮತ್ಯಾಕೆ ಇವು ಮರೆಯಾದವು? 1954ರಲ್ಲಿ ಎಡ್ಗರ್ ವಿಲ್ಚರ್‌ನ ಎಆರ್-1 ಅನ್ನೋ ಚಿಕ್ಕ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಬಂತು. ಬೇಸ್ ಆಳವಾಗಿತ್ತು, ಆದರೆ ವಾಟ್‌ಗಳನ್ನ ನುಂಗುತ್ತಿತ್ತು. ಇವತ್ತಿನ ಸಾಧಾರಣ ಚಿಕ್ಕ ಸ್ಪೀಕರಿಗೂ ಕ್ಲಿಪ್ಶ್‌ಹಾರ್ನ್‌ನಷ್ಟೇ ಸದ್ದು ಮಾಡೋಕೆ ಸುಮಾರು 60 ಪಟ್ಟು ಶಕ್ತಿ ಬೇಕು. ಆಂಪ್ಲಿಫೈಯರ್ ಅಗ್ಗವಾಗುತ್ತಾ ಹೋದ ಮೇಲೆ ಅದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. 1957-58ರಲ್ಲಿ ಸ್ಟೀರಿಯೋ ರೆಕಾರ್ಡ್ ಬಂದ ಮೇಲಂತೂ ಒಂದಲ್ಲ, ಎರಡು ಖಾಲಿ ಮೂಲೆ ಬೇಕಾಯ್ತು. ಬಾಗಿಲು, ಕಿಟಕಿ, ಬೀರು ಎಲ್ಲಾ ಇರುವ ಕೋಣೆಯಲ್ಲಿ ಎಲ್ಲಿಂದ ತರ್ತೀರಿ?

ಹಿಂಬದಿ ತೆರೆದಿರುವ ಹಳೆಯ ಮೂಲೆ ಹಾರ್ನ್ ಎಲ್ಲಾದರೂ ನೋಡಲು ಸಿಕ್ಕಿ "ಬೇಸೇ ಇಲ್ಲವಲ್ಲ" ಅನ್ನಿಸಿದರೆ, ಬಿಚ್ಚಿ ಒಳಗೆ ಹತ್ತಿ ತುರುಕುವ ಮೊದಲು ಪೆಟ್ಟಿಗೆಗೂ ಗೋಡೆಗೂ ನಡುವೆ ಸಂದು ಇದೆಯಾ ನೋಡಿ. ಸಂದು ಬಿಟ್ಟರೆ ಬೇಸ್ ಅಲ್ಲೇ ಸೋರಿಹೋಗುತ್ತೆ. ಇಂಥ ಸ್ಪೀಕರ್ ಕೊಂಡವನಿಗೆ ಅಂಗಡಿಯಲ್ಲಿ ಸಿಗುತ್ತಿದ್ದುದು ಮುಕ್ಕಾಲು ಸ್ಪೀಕರ್ ಅಷ್ಟೇ, ಉಳಿದ ಕಾಲು ಭಾಗ ಕಟ್ಟಿದವನು ಅವನ ಮನೆಯ ಮೇಸ್ತ್ರಿ.