ಗುತ್ತಿನ ಮನೆ: ಭೂಮಿ ಹೋದ ಮೇಲೆ ಉಳಿದದ್ದೇನು?



ಗಲ್ಫಿನ ಯಾವುದೇ ಕನ್ನಡ ಕಾರ್ಯಕ್ರಮದ ಆಮಂತ್ರಣ ಪತ್ರ ತೆಗೆದು ನೋಡಿ. ಶೆಟ್ಟಿ, ರೈ, ಹೆಗ್ಡೆ, ಆಳ್ವ, ಭಂಡಾರಿ, ಚೌಟ, ಪೂಂಜ, ಅಡ್ಯಂತಾಯ... ಇವುಗಳಲ್ಲಿ ಎರಡು ಮೂರಾದರೂ ಕಣ್ಣಿಗೆ ಬೀಳದೆ ಇರವು. ದುಬೈ, ಅಬುಧಾಬಿಗಳ ಮುಂದೆ ನಮ್ಮ ಅಲ್ ಐನ್ ಚಿಕ್ಕ ಊರು. ಆದರೂ ಇಲ್ಲಿಯೂ ಈ ಮಾತು ಸುಳ್ಳಾಗದು. ಶೆಟ್ಟಿ ಎಂದವರೆಲ್ಲ ಬಂಟರಲ್ಲ ನಿಜ. ಆದರೆ ಇವರಲ್ಲಿ ಬಂಟರಾದವರ ಮೂರು ತಲೆಮಾರು ಹಿಂದಕ್ಕೆ ಹೋದರೆ ಬಹುಪಾಲು ಒಂದು ಭತ್ತದ ಗದ್ದೆಯ ಬದುವಿಗೇ ಬಂದು ನಿಲ್ಲುತ್ತೇವೆ. ತುಳುವಿನಲ್ಲಿ ಬಂಟರಿಗಿರುವ ಇನ್ನೊಂದು ಹೆಸರೇ 'ಒಕ್ಕೆಲಾಕುಲು', ಅಂದರೆ ಒಕ್ಕಲುತನದವರು.

ಇತ್ತೀಚಿನ ವರ್ಷಗಳಲ್ಲಿ ಊರಿನ ಗುತ್ತಿನ ಮನೆಗಳಿಗೆ ಹೊಸ ಕಳೆ ಬಂದಿದೆ. ಮುಂಬಯಿ ಮತ್ತು ಗಲ್ಫಿನ ದುಡಿಮೆಯಿಂದ ಚಾವಡಿಗೆ ಹೊಸ ಮರ, ದೈವದ ಕೋಣೆಗೆ ಹೊಸ ಬಾಗಿಲು, ವರ್ಷಕ್ಕೊಂದು ನೇಮ. ಸಂತೋಷವೇ. ಆದರೆ ಗುತ್ತು ಎಂದರೆ ಇಷ್ಟೆಯೇ? ಆ ಮನೆ ಯಾವ ವ್ಯವಸ್ಥೆಯ ಕೇಂದ್ರವಾಗಿತ್ತು, ಆ ವ್ಯವಸ್ಥೆ ಹೇಗೆ ನಡೆಯಿತು, ಹೇಗೆ ಮುಗಿಯಿತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅದಕ್ಕಾಗಿ ಈ ಬರಹ.

ಗುತ್ತು, ಬೀಡು, ಬರ್ಕೆ, ಪರಡಿ ಇವೆಲ್ಲ ತುಳುನಾಡಿನ ದೊಡ್ಡ ಮನೆಗಳ ಹೆಸರುಗಳು. ಒಂದು ಗ್ರಾಮದಲ್ಲಿ ಒಂದಕ್ಕಿಂತ ಹೆಚ್ಚು ಗುತ್ತುಗಳೂ ಇರಬಹುದು. ಅವುಗಳೊಳಗೆ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂಬ ಕ್ರಮವಿದೆ. ಹಲಸಿನ ಮರದ ಕೆತ್ತನೆಯ ಕಂಬಗಳ ಚಾವಡಿ, ಮುಂದೆ ವಿಶಾಲ ಅಂಗಳ, ಭತ್ತದ ಕಣಜ, ಹಟ್ಟಿ, ಸ್ವಲ್ಪ ದೂರದಲ್ಲಿ ನಾಗಬನ, ಕೆಳಗೆ ಬೈಲಿನಲ್ಲಿ ಗದ್ದೆಗಳು. ಕೆಲವು ಮನೆಗಳಿಗೆ ಕಂಬಳದ ಗದ್ದೆಯೂ ಉಂಟು. ಚಾವಡಿ ಕೇವಲ ಕುಳಿತುಕೊಳ್ಳುವ ಜಾಗವಾಗಿರಲಿಲ್ಲ. ಬೇಲಿಯ ಜಗಳ, ನೀರಿನ ತಕರಾರು, ಗೇಣಿಯ ಲೆಕ್ಕ ಎಲ್ಲವೂ ತೀರ್ಮಾನವಾಗುತ್ತಿದ್ದದ್ದು ಅಲ್ಲಿಯೇ.

ಈ ಮನೆಯ ಆಸ್ತಿ ಯಾರದು? ಇಲ್ಲಿಯೇ ಬಂಟರ ಚರಿತ್ರೆಯ ಮುಖ್ಯ ವಿಷಯ ಇರುವುದು. ಆಸ್ತಿ ಯಜಮಾನನದಲ್ಲ, ಅವನ ಮಕ್ಕಳದೂ ಅಲ್ಲ, ತಾಯಿಯ ಸಂತತಿಯದು. ಇದೇ ಅಳಿಯಸಂತಾನ ಅಥವಾ ಅಳಿಯಕಟ್ಟು. ಜನಜನಿತ ಕಥೆ ಹೀಗಿದೆ: ದೇವಪಾಂಡ್ಯನೆಂಬ ಅರಸನ ಹಡಗು ನೀರಿಗಿಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಅವನನ್ನು ಕೊಲ್ಲದೆ ಹರಸಿತು. ಅವನೇ ಭೂತಾಳಪಾಂಡ್ಯನಾಗಿ ಆಳಿದ, ಅಂದಿನಿಂದ ಆಸ್ತಿ ಅಳಿಯನಿಗೆ ಎಂದಾಯಿತು. ಇದು ನಡೆದದ್ದು ಕ್ರಿ.ಶ. 77ರಲ್ಲಿ ಎನ್ನುವ ಐತಿಹ್ಯವೂ ಇದೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಚಾಲ್ತಿಯಲ್ಲಿದ್ದ ಪದ್ಧತಿಗೆ ಹಿಂದಿನಿಂದ ಜೋಡಿಸಿದ ಕಥೆಯಿದು ಎಂದು ತಿಳಿದರೆ ಸಾಕು.

ಪದ್ಧತಿಯನ್ನು ನಮ್ಮ ಕಂಪ್ಯೂಟರಿನವರ ಭಾಷೆಯಲ್ಲಿ ಹೇಳುವುದಾದರೆ, ಕುಟುಂಬ ಒಂದು 'ಟ್ರೀ'. ಅದರ ಬೇರಿನಲ್ಲಿ ಒಬ್ಬ ಹೆಣ್ಣು. ಅವಳ ಹೆಣ್ಣುಮಕ್ಕಳಿಂದ ಕೊಂಬೆಗಳು ಮುಂದುವರಿಯುತ್ತವೆ. ಗಂಡುಮಕ್ಕಳು ಎಲೆಗಳು, ಮನೆಯಲ್ಲಿ ಹಕ್ಕುಳ್ಳವರು, ಆದರೆ ಅವರಿಂದ ಆ ಮನೆಯ ಕೊಂಬೆ ಬೆಳೆಯದು. ಅವರ ಮಕ್ಕಳು ತಮ್ಮ ತಾಯಿಯ ಮನೆಗೆ ಸೇರಿದವರು. ಒಂದೊಂದು ಕೊಂಬೆಗೆ 'ಕವರು' ಎಂದು ಹೆಸರು. ತಾಯಿಯಿಂದ ಬರುವ 'ಬರಿ' ಅಥವಾ ಬಳಿಯೂ ಹೀಗೆಯೇ. ಒಂದೇ ಬಳಿಯವರೊಳಗೆ ಮದುವೆಯಿಲ್ಲ. ಮನೆಯ ಆಡಳಿತ ಸಾಮಾನ್ಯವಾಗಿ ಸೋದರಮಾವನದು. ಹಿರಿಯ ಹೆಣ್ಣು 'ಯಜಮಾನ್ತಿ' ಆಗುವುದಕ್ಕೂ ಅವಕಾಶವಿತ್ತು. ಗಂಡ ಸತ್ತ ಹೆಣ್ಣು ದಿಕ್ಕಿಲ್ಲದವಳಾಗುತ್ತಿರಲಿಲ್ಲ. ತನ್ನದೇ ಹಕ್ಕಿನಿಂದ ತವರಿಗೆ ಮರಳುತ್ತಿದ್ದಳು. ಹಾಗೆಂದು ಇದನ್ನು ಸ್ತ್ರೀರಾಜ್ಯ ಎನ್ನುವುದು ಅತಿಶಯೋಕ್ತಿ. ಹಕ್ಕು ಹೆಣ್ಣಿನ ಮೂಲಕ ಹರಿಯುತ್ತಿತ್ತು, ಕೀಲಿಕೈ ಮಾತ್ರ ಹೆಚ್ಚಾಗಿ ಮಾವನ ಸೊಂಟದಲ್ಲಿರುತ್ತಿತ್ತು!

ಇನ್ನೊಂದು ಮುಖ್ಯ ನಿಯಮ: ಪಾಲು ಇಲ್ಲ. ಎಲ್ಲ ಸದಸ್ಯರೂ ಒಪ್ಪದೆ ಕುಟುಂಬದ ಭೂಮಿಯನ್ನು ಪಾಲು ಮಾಡುವಂತಿಲ್ಲ ಎಂದು 1860ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಎತ್ತಿ ಹಿಡಿಯಿತು. ಭೂಮಿ ಹರಿದು ಹಂಚಿಹೋಗಲಿಲ್ಲ. ಫಸಲು ಮಾತ್ರ ಹಂಚಿಕೆಯಾಯಿತು. ಅಲ್ ಐನ್‌ನಲ್ಲಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಇಲ್ಲಿನ ಖರ್ಜೂರದ ತೋಟಗಳ ನಡುವೆ ಹರಿಯುವ ಫಲಜ್ ಕಾಲುವೆಯನ್ನು ನೋಡಿದ್ದೀರಲ್ಲ? 2011ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತಾಣಗಳಲ್ಲಿ ಅವೂ ಸೇರಿವೆ. ಕಾಲುವೆಯನ್ನು ತುಂಡು ಮಾಡಲಾಗದು. ಹಾಗಾಗಿ ನೀರು ಹರಿಸುವ ಹೊತ್ತನ್ನು ಪಾಲು ಮಾಡಿಕೊಂಡರು. ಆ ಸರದಿ ಆಸ್ತಿಯಂತೆ ಮನೆತನಗಳಲ್ಲಿ ಇಳಿದು ಬಂತು. 1946ರಲ್ಲಿ ಈ ಪ್ರದೇಶದ ಆಡಳಿತ ವಹಿಸಿಕೊಂಡ ಶೇಖ್ ಝಾಯೆದ್ ಫಲಜ್‌ಗಳನ್ನು ದುರಸ್ತಿ ಮಾಡಿಸಿ ನೀರಿನ ಹಂಚಿಕೆಯನ್ನೂ ಸುಧಾರಿಸಿದರು. ಒಡೆಯಬಾರದ ವಸ್ತುವನ್ನು ತಲೆಮಾರುಗಳವರೆಗೆ ಹೇಗೆ ಉಳಿಸಿಕೊಳ್ಳುವುದು ಎಂಬ ಒಂದೇ ಪ್ರಶ್ನೆಗೆ ಮರುಭೂಮಿಯವರೂ ಮಳೆನಾಡಿನವರೂ ತಮತಮಗೆ ತೋಚಿದ ಉತ್ತರ ಕಂಡುಕೊಂಡಿದ್ದರು.

ಆದರೆ ಗುತ್ತಿನ ಗದ್ದೆಯನ್ನು ಉತ್ತವರು ಯಾರು? ಇದನ್ನು ಕೇಳದೆ ಮುಂದೆ ಹೋದರೆ ಚರಿತ್ರೆ ಅರ್ಧವಾಗುತ್ತದೆ. 1799ರಲ್ಲಿ ಕೆನರಾ ಕಂಪನಿ ಸರಕಾರದ ಕೈಗೆ ಬಂದಾಗ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ಭೂಮಿಯ ಖಾಸಗಿ ಒಡೆತನ ಬಹಳ ಹಳೆಯದೆಂದು ಗುರುತಿಸಿದ. ಕಂದಾಯ ಕಟ್ಟುವ ಹಿಡುವಳಿಗೆ ವರ್ಗ, ಅದರ ಒಡೆಯ ವರ್ಗದಾರ. ಅವನ ಕೆಳಗೆ ಎರಡು ಬಗೆಯ ಒಕ್ಕಲು: ಶಾಶ್ವತ ಹಕ್ಕಿನ ಮೂಲಗೇಣಿಯವರು ಮತ್ತು ಯಾವಾಗ ಬೇಕಾದರೂ ಬಿಡಿಸಬಹುದಾದ ಚಾಲಗೇಣಿಯವರು. ಗೇಣಿ ಅಕ್ಕಿಯ ಮುಡಿಯಲ್ಲಿ. ಒಂದು ಮುಡಿ ಎಂದರೆ 42 ಸೇರು. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ತಪ್ಪುವಂತಿರಲಿಲ್ಲ. ಬಿಲ್ಲವರು ಮತ್ತು ಇತರ ಅನೇಕ ಸಮುದಾಯದವರು ಚಾಲಗೇಣಿಯಲ್ಲಿದ್ದರು. ಬಡ ಬಂಟರೂ ದೇವಸ್ಥಾನ, ಮಠ, ಜೈನ ಬೀಡುಗಳ ಗೇಣಿ ಒಕ್ಕಲಾಗಿದ್ದರು. ಇವರೆಲ್ಲರ ಕೆಳಗೆ ಸ್ವಂತ ನೆಲವೇ ಇಲ್ಲದ ದಲಿತ ಕೂಲಿಯಾಳುಗಳು. ಗುತ್ತಿನ ಚಾವಡಿಯ ಕಂಬಕ್ಕೆ ಈ ಬೆವರೂ ಅಂಟಿದೆ.

ಈ ಕಟ್ಟು ಒಂದೇ ದಿನದಲ್ಲಿ ಬಿಚ್ಚಿಕೊಳ್ಳಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಶಾಲೆ ಕಲಿತ ಅಳಿಯಂದಿರು ಮುಂಬಯಿಯ ಹಾದಿ ಹಿಡಿದರು. ಆರ್ಥಿಕ ಕುಸಿತದ 1931ರಲ್ಲಿ, ವಿಜಯದಶಮಿಯ ಸಮಯಕ್ಕೆ, ಅತ್ತಾವರ ಬಾಲಕೃಷ್ಣ ಶೆಟ್ಟರು ಕೃಷಿಕರನ್ನು ಸೇರಿಸಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಮುಡಿಯ ಲೆಕ್ಕದವರು ರೂಪಾಯಿಯ ಲೆಕ್ಕಕ್ಕೆ ಬಂದದ್ದರ ಗುರುತು ಅದು. (ಆ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು.)

ನಂತರ ಬಂತು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಕವರುಗಳು ಪಾಲು ಕೇಳಬಹುದು ಎಂದಾಯಿತು. ಅದರಲ್ಲೊಂದು ವಿಚಿತ್ರ ಆದರೆ ತರ್ಕಬದ್ಧ ಅಂಶವಿದೆ. ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು 'ಸಂತತಿ ಕವರು', ಇಲ್ಲದಿದ್ದರೆ 'ನಿಸ್ಸಂತತಿ'. ಮನೆ ತುಂಬ ಗಂಡುಮಕ್ಕಳಿದ್ದರೂ ಅದು ನಿಸ್ಸಂತತಿಯೇ! ಸಂತತಿ ಕವರುಗಳು ಇರುವಾಗ ಅದಕ್ಕೆ ಸಿಗುವ ಪಾಲು ಜೀವಿತಾವಧಿಯವರೆಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಇಳಿಯತೊಡಗಿತು. ಮಾವ ಹೋಗಿ ಅಪ್ಪ ಬಂದ ಎನ್ನಬಹುದು.

ಕೊನೆಯ ಪೆಟ್ಟು 1974ರದು. ದೇವರಾಜ ಅರಸು ಸರಕಾರದ ತಿದ್ದುಪಡಿಯಂತೆ ಆ ವರ್ಷದ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಡಿಕ್ಲರೇಶನ್ ಕೊಟ್ಟ ಗೇಣಿದಾರರಿಗೆ ಭೂನ್ಯಾಯಮಂಡಳಿಗಳ ಮೂಲಕ ಹೋಗತೊಡಗಿತು. ಇದು ಚೆನ್ನಾಗಿ ಜಾರಿಯಾದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಪ್ರಮುಖವಾದದ್ದು. ಕಾಸರಗೋಡಿನಲ್ಲಿ ಕೇರಳದ ಕಾನೂನು 1970ರಿಂದಲೇ ಇದೇ ಕೆಲಸ ಮಾಡಿತ್ತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯರು, ವೃದ್ಧರು ಕಷ್ಟಕ್ಕೆ ಬಿದ್ದದ್ದು ನಿಜ. ಗೇಣಿದಾರರಾಗಿದ್ದ ಬಂಟರೂ ಸೇರಿ ಸಾವಿರಾರು ಕುಟುಂಬಗಳು ಮೊದಲ ಬಾರಿಗೆ ಸ್ವಂತ ನೆಲದ ಮೇಲೆ ನಿಂತದ್ದೂ ಅಷ್ಟೇ ನಿಜ. ಎರಡೂ ಕಡೆಯ ಮಕ್ಕಳು ಆಮೇಲೆ ಗಲ್ಫಿನ ವಿಮಾನ ಹತ್ತಿದರು. ಇಂದು ಇಲ್ಲಿ ಒಂದೇ ಮೇಜಿನಲ್ಲಿ ಕುಳಿತು ಕೋರಿರೊಟ್ಟಿ ತಿನ್ನುವವರ ಅಜ್ಜಂದಿರಲ್ಲಿ ಒಬ್ಬರು ಮುಡಿ ಅಳೆದುಕೊಂಡವರು, ಇನ್ನೊಬ್ಬರು ಮುಡಿ ಹೊತ್ತು ತಂದವರು ಆಗಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಉಳಿದದ್ದೇನು? ದೈವ. ನೇಮದ ದಿನ ದೈವ ಇಂದಿಗೂ ಗುತ್ತಿನವರನ್ನು ಕ್ರಮದಂತೆ ಹೆಸರಿಟ್ಟು ಕರೆಯುತ್ತದೆ. 'ಗಡಿ ಹಿಡಿದ' ಯಜಮಾನನಿಗೆ ಹೊಸ ಹೆಸರು, ಗೌರವ. ಪಂಬದ, ಪರವ, ನಲಿಕೆಯವರು ದೈವವಾಗಿ ನಿಂತಾಗ ಅದೇ ಯಜಮಾನ ಕೈಮುಗಿದು ಉತ್ತರ ಕೊಡಬೇಕು. 2022ರಲ್ಲಿ ತೆರೆಕಂಡ 'ಕಾಂತಾರ' ಚಿತ್ರದ ಕಥೆ ಕೂಡ ದೈವಕ್ಕೆ ಮಾತು ಕೊಟ್ಟು ಬಿಟ್ಟ ಭೂಮಿಯ ಸುತ್ತಲೇ ಇದೆಯಲ್ಲವೇ? ಹಿಂದೆ ಗಡಿಯ ಗೌರವದ ಜೊತೆ ಊರಿನ ಹೊಣೆಯೂ ಇತ್ತು: ಕಟ್ಟ ಕಟ್ಟಿಸುವುದು, ಜಗಳ ಬಿಡಿಸುವುದು, ಬರಗಾಲದಲ್ಲಿ ಕಣಜ ತೆರೆಯುವುದು. ಹೊಣೆಯಲ್ಲಿ ತಪ್ಪಿದರೆ ದೈವವೇ ಎಲ್ಲರ ಎದುರು ಕೇಳುತ್ತಿತ್ತು. ಭೂಮಿ ಹೋದಾಗ ಹೊಣೆಯೂ ಹೋಯಿತು. ಗೌರವ ಮಾತ್ರ ಉಳಿಯಿತು. ನಾವು ಇಲ್ಲಿಂದ ಹಣ ಕಳಿಸಿ ಜೀರ್ಣೋದ್ಧಾರ ಮಾಡುತ್ತಿರುವುದು ಹೆಚ್ಚಾಗಿ ಈ ಗೌರವದ ಭಾಗವನ್ನೇ ಎಂದು ನನಗನಿಸುತ್ತದೆ.

ಆದ್ದರಿಂದ ಒಂದು ವಿನಂತಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನೇಮದ ವೀಡಿಯೋ ತೆಗೆಯುವ ಜೊತೆಗೆ ಅಟ್ಟದ ಪೆಟ್ಟಿಗೆಯನ್ನೂ ಒಮ್ಮೆ ತೆರೆಯಿರಿ. ಪಾಲುಪಟ್ಟಿ, ಗೇಣಿಚೀಟು, ವರ್ಗದ ಕಾಗದ, ಡಿಕ್ಲರೇಶನ್ನಿನ ನಕಲು ಏನಿದ್ದರೂ ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಮಾಡಿಡಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕವರುಗಳನ್ನು ಬರೆದುಕೊಳ್ಳಿ. ಆ ಮರದ ಬೇರು ಅವರ ನೆನಪಿನಲ್ಲಿದೆ. ಹಾಗೆಯೇ ಆ ಗದ್ದೆಗಳನ್ನು ಉತ್ತವರ, ನಾಟಿ ಮಾಡಿದವರ ಹೆಸರುಗಳನ್ನೂ ಕೇಳಿ ಪಕ್ಕದಲ್ಲಿ ಬರೆಯಿರಿ. ಗುತ್ತಿನ ಚರಿತ್ರೆಯಲ್ಲಿ ಆ ಹೆಸರುಗಳಿಗೂ ಜಾಗವಿರಬೇಕು.