ಕಂಬಿಯಚ್ಚಿನ ಕಣ್ಣು

ಒಡವೆ ಎಂದರೆ ನಮಗೆ ಹೆಂಗಸರಿಗೆ ತೂಕ ಗೊತ್ತು, ಕೂಲಿ ಗೊತ್ತು, ಯಾರ ಮದುವೆಗೆ ಮಾಡಿಸಿದ್ದು, ಯಾರ ಕಾಯಿಲೆಗೆ ಅಡವಿಟ್ಟದ್ದು ಎಂಬುದೂ ಗೊತ್ತು. ಅದನ್ನು ಮಾಡಿದ ಹತ್ಯಾರಿನ ವಿಷಯ ಮಾತ್ರ ನಾವು ಕೇಳಿದವರಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿದೆವು. ಆ ಅಕ್ಕಸಾಲಿಗೆ ಹತ್ಯಾರು ಮಾಡಿಕೊಟ್ಟವರು ಯಾರು ಎಂದು ಯೋಚಿಸಲಿಲ್ಲ. ಬಹುಪಾಲು ಅವನೇ ಮಾಡಿಕೊಂಡಿರುತ್ತಿದ್ದ.

ನನಗೆ ಇದು ತಿಳಿದದ್ದು ಆ ಗಾದೆಯ ದಯೆಯಿಂದಲೇ ಎನ್ನಬೇಕು. ಚಿನ್ನ ಕರಗಿಸುವ ದಿನ ಮನೆಯವರೊಬ್ಬರು ಎದುರಿಗೆ ಕೂತಿರಬೇಕೆಂಬುದು ಆಗಿನ ರೂಢಿ. ಅಮ್ಮನಿಗೆ ಪುರಸೊತ್ತಿರುತ್ತಿರಲಿಲ್ಲ, ನನ್ನನ್ನೇ ನಮ್ಮ ಬೀದಿಯ ಆಚಾರರ ಜಗಲಿಯಲ್ಲಿ ಕಾವಲಿಗೆ ಕೂರಿಸುತ್ತಿದ್ದಳು. ನನ್ನ ಕಣ್ಣು ಚಿನ್ನಕ್ಕಿಂತ ಹೆಚ್ಚಾಗಿ ಅವರ ಕೈಯ ಮೇಲೆ.

ಎಲ್ಲಕ್ಕಿಂತ ಸೋಜಿಗವೆನಿಸುತ್ತಿದ್ದುದು ಕೊಳವೆ ಮಾಡುವ ಕೆಲಸ. ಕಡಗದ ಕೀಲಿಗೆ, ಸರದ ಉದ್ದ ಮಣಿಗೆ, ಪೊಳ್ಳು ಬಳೆಗೆ, ಎಲ್ಲಕ್ಕೂ ಕೊಳವೆ ಬೇಕು. ತಗಡಿನಿಂದ ಒಂದು ಪಟ್ಟಿ ಕತ್ತರಿಸುವರು. ಅದರ ಅಗಲ, ಬೇಕಾದ ಕೊಳವೆಯ ದಪ್ಪದ ಮೂರು ಪಟ್ಟು, ಮೇಲೊಂದು ಚೂರು. (ಮುಂದೆ ಶಾಲೆಯಲ್ಲಿ 'ಪೈ' ಎಂದು ಮೇಷ್ಟರು ಬೋರ್ಡಿನ ಮೇಲೆ ಬರೆದಾಗ ನನಗೆ ಅದು ಹಳೆಯ ಪರಿಚಯ.) ಪಟ್ಟಿಯ ಒಂದು ತುದಿಯನ್ನು ಚೂಪು ಮಾಡಿ, ಹುಣಸೆ ಕೊರಡಿನ ಗಾಡಿಯಲ್ಲಿಟ್ಟು, ಮೇಲೆ ಸೈಕಲ್ಲಿನ ಕಡ್ಡಿಯಿಟ್ಟು ತಟ್ಟಿದರೆ ಪಟ್ಟಿ ದೋಣಿಯಂತೆ ಬಾಗುತ್ತದೆ. ಆಮೇಲೆ ಕಂಬಿಯಚ್ಚು. ಉಕ್ಕಿನ ಹಲಗೆ, ಅದರಲ್ಲಿ ಸಾಲಾಗಿ ಕಣ್ಣುಗಳು, ಒಂದಕ್ಕಿಂತ ಒಂದು ಕಿರಿದು. ಮೇಣ ಸವರಿ, ಚೂಪು ತುದಿಯನ್ನು ಇಕ್ಕಳದಿಂದ ಹಿಡಿದು ಎಳೆಯುತ್ತ ಹೋದರೆ ನಾಲ್ಕನೆಯದೋ ಐದನೆಯದೋ ಕಣ್ಣು ದಾಟುವ ಹೊತ್ತಿಗೆ ಅಂಚಿಗೆ ಅಂಚು ಕೂಡಿರುತ್ತದೆ. ಎಳೆದಷ್ಟೂ ಚಿನ್ನ ಬಿರುಸಾಗುತ್ತದೆ. ನಡುನಡುವೆ ಕಾಯಿಸಿ ಮೆದು ಮಾಡಬೇಕು. ಕೊನೆಗೆ ಬಿಳಿಗಾರ ಹಚ್ಚಿ ಬೆಸುಗೆ. ಕೊಳವೆಯನ್ನು ಬಗ್ಗಿಸಬೇಕಾದರೆ ಒಳಗೆ ತಾಮ್ರದ ತಂತಿ ತುಂಬಿಯೇ ಬಗ್ಗಿಸುವರು, ಇಲ್ಲದಿದ್ದರೆ ಮಡಿಸಿಹೋಗುತ್ತದೆ. ಮೇಲೆ ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ತಾಮ್ರ ಕರಗಿ, ಚಿನ್ನ ಹಾಗೇ ಉಳಿಯುತ್ತದೆ.

ಆಚಾರರ ಕಂಬಿಯಚ್ಚು ಒಂದು ಸವೆದ ಅರ. ಅದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ನಿಧಾನ ಆರಿಸಿ ಮೆದು ಮಾಡಿ, ಕಣ್ಣು ಹೊಡೆದು, ಮತ್ತೆ ಹದ ಕೊಟ್ಟಿದ್ದರು. ಕಣ್ಣು ಸವೆದು ದೊಡ್ಡದಾದರೆ ಸುತ್ತಲೂ ತಟ್ಟಿ ಕಿರಿದು ಮಾಡಿ ಪುನಃ ತಿದ್ದುವರು.

ಮೊಹೆಂಜೊದಾರೊದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಚಿನ್ನದ ಬಿಲ್ಲೆಮಣಿಗಳು ಸಿಕ್ಕಿವೆ. ದಾರ ಪೋಣಿಸಲು ಪ್ರತಿಯೊಂದರ ನಡುವೆ ಸಣ್ಣ ಕೊಳವೆ. ಕಂಬಿಯಚ್ಚು ಬಳಕೆಗೆ ಬಂದದ್ದು ಬಹಳ ಈಚೆಗೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಯೂರೋಪಿನಲ್ಲಿ ಥಿಯೋಫಿಲಸ್ ಎಂಬ ಹೆಸರಿನಿಂದ ಬರೆದ ಕ್ರೈಸ್ತ ಸನ್ಯಾಸಿಯೊಬ್ಬ ಅದನ್ನು ವರ್ಣಿಸಿದ್ದಾನೆ. ಲೋಹದ ಕೆಲಸ ಹೇಳುವ ಮೊದಲು ಕಾರ್ಖಾನೆ ಕಟ್ಟುವುದು, ತಿದಿ, ಸುತ್ತಿಗೆ, ಅರ ಮಾಡಿಕೊಳ್ಳುವುದನ್ನು ಹೇಳುತ್ತಾನೆ. ಕಬ್ಬಿಣಕ್ಕೆ ಹದ ಕೊಡಲು ಕೆಂಪು ಕೂದಲಿನ ಪುಟ್ಟ ಹುಡುಗನ ಮೂತ್ರ ಒಳ್ಳೆಯದು ಎಂಬ ಸಲಹೆಯೂ ಇದೆ! ನಗು ಬಂದರೂ, ಹತ್ಯಾರೇ ಮೊದಲು ಎಂಬ ಅವನ ಕ್ರಮ ನನಗೆ ಸರಿಯೆನಿಸುತ್ತದೆ.

1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. ಹಿಂದಿನ ವರ್ಷವಷ್ಟೇ ಚೀನಾ ಯುದ್ಧ ನಡೆದಿತ್ತು. ಹೊಸ ಒಡವೆ 14 ಕ್ಯಾರಟ್ ಮೀರಬಾರದು ಎಂದಾಯಿತು. 22 ಕ್ಯಾರಟ್ಟಿನಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನ. 14ರಲ್ಲಿ 58 ಮಾತ್ರ, ಉಳಿದದ್ದೆಲ್ಲ ತಾಮ್ರ, ಬೆಳ್ಳಿ. ಕೊಳ್ಳುವ ನಮಗೆ ಅದು ಬಣ್ಣದ, ಮಾನದ ಪ್ರಶ್ನೆ. ಆಚಾರರಿಗೆ ಕೈಯ ಪ್ರಶ್ನೆ. ಮೆದು ಚಿನ್ನಕ್ಕೆಂದು ತಿದ್ದಿದ ಕಣ್ಣುಗಳಲ್ಲಿ ಆ ಬಿರುಸು ಲೋಹ ಜಗ್ಗುತ್ತಿತ್ತು, ಅಂಚು ಸೀಳುತ್ತಿತ್ತು. ಅಂತೂ ಎಳೆದು ಒಡವೆ ಮಾಡಿದರೆ ಕೊಳ್ಳುವವರಿಲ್ಲ. ದೇಶದಾದ್ಯಂತ ಅಕ್ಕಸಾಲಿಗಳು ಕೆಲಸ ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ನಮ್ಮ ಆಚಾರರು ಹತ್ಯಾರಿನ ಪೆಟ್ಟಿಗೆ ಮಾರಲು ಹೋದರೆ ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳಿದನಂತೆ. ಮಾರದೆ ತಂದು ಅಟ್ಟಕ್ಕೆ ಹಾಕಿ, ಸೌದೆ ಡಿಪೋದಲ್ಲಿ ಲೆಕ್ಕ ಬರೆಯಲು ಸೇರಿದರು.

1966ರಲ್ಲಿ 14 ಕ್ಯಾರಟ್ಟಿನ ಕಟ್ಟು ಸಡಿಲವಾಯಿತು. 1968ರಲ್ಲಿ ಕಾಯಿದೆಯೇ ಆಯಿತು, 1990ರಲ್ಲಿ ರದ್ದಾಯಿತು. ಆಚಾರರು ಪೆಟ್ಟಿಗೆ ಇಳಿಸಿ ಮತ್ತೆ ಕೂತರು. ಆದರೆ ಅಷ್ಟರಲ್ಲಿ ಮಗ ಬೇರೆ ಉದ್ಯೋಗ ಹಿಡಿದಾಗಿತ್ತು. ಅರಕ್ಕೆ ಹದ ಕೊಡುವಾಗ ಯಾವ ಬಣ್ಣ ಬಂದಾಗ ನೀರಿಗೆ ಅದ್ದಬೇಕು ಎಂಬುದನ್ನು ಬಾಯಲ್ಲಿ ಹೇಳಿಕೊಡಲಾಗುವುದಿಲ್ಲ, ಪಕ್ಕದಲ್ಲಿ ಕೂತೇ ನೋಡಬೇಕು. ಆ ಕೂರುವ ಮೂರು ವರ್ಷಗಳೇ ಹೋಗಿದ್ದವು. ಈಗ ಕೊಳವೆ ಯಂತ್ರದಿಂದಲೇ ಬರುತ್ತದೆ, ಬೆಸುಗೆಯೂ ಇರುವುದಿಲ್ಲ. 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿರುವುದರಿಂದ ಕಾವಲಿಗೆ ಮಗುವನ್ನು ಕೂರಿಸುವ ಅಗತ್ಯವಿಲ್ಲ. ಒಳ್ಳೆಯದೇ, ನನಗೇನೂ ತಕರಾರಿಲ್ಲ.

ಅಜ್ಜಿಯ ಕಡಗ ನನ್ನ ಬಳಿ ಇದೆ. ಅದರ ಕೀಲಿನಲ್ಲಿ ಸಾಲಾಗಿ ಮೂರು ಕೊಳವೆ ತುಂಡುಗಳಿವೆ. ಭೂತಗನ್ನಡಿ ಹಿಡಿದರೆ ಮೂರರ ಮೇಲೂ ಉದ್ದಕ್ಕೆ ಕೂದಲಿನಂಥ ಗೀರುಗಳು ಕಾಣುತ್ತವೆ. ಅವುಗಳಲ್ಲಿ ಒಂದು ಉಳಿದವಕ್ಕಿಂತ ಆಳ. ಎಳೆದ ಕಣ್ಣಿನ ಅಂಚಿನಲ್ಲಿ ಒಂದು ಕಡೆ ಸಣ್ಣ ಮುಳ್ಳು ಉಳಿದಿತ್ತೆಂದು ಕಾಣುತ್ತದೆ.